ಗೇಮಿನೊಳಗಿನ ಕಾಡು ಎಷ್ಟು ನಿಜ?

2018ರ ಅಕ್ಟೋಬರ್ 26ರಂದು ಬಿಡುಗಡೆಯಾದ ‘ರೆಡ್ ಡೆಡ್ ರಿಡೆಂಪ್ಷನ್ 2’ ಹೆಸರಿಗೆ ದರೋಡೆಕೋರರ ಆಟ. ಕಾಲ 1899. ರೈಲು, ಬ್ಯಾಂಕು, ಕಾನೂನು ಎಲ್ಲವೂ ಅಮೆರಿಕದ ಪಶ್ಚಿಮಕ್ಕೂ ಬಂದು, ರಿವಾಲ್ವರ್ ನಂಬಿ ಬದುಕುವವರ ದಿನಗಳು ಮುಗಿಯುತ್ತ ಬಂದಿವೆ. ಡಚ್ ವ್ಯಾನ್ ಡರ್ ಲಿಂಡ್ ಎಂಬಾತನ ಗುಂಪಿನಲ್ಲೇ ಬೆಳೆದ ಆರ್ಥರ್ ಮಾರ್ಗನ್ ಆಗಿ ನಾವು ಆಡಬೇಕು. ರೈಲು ದರೋಡೆ ಇದೆ, ಗುಂಡಿನ ಕಾಳಗ ಇದೆ, ಬೆನ್ನು ಬಿಡದ ಪಿಂಕರ್ಟನ್ ಪತ್ತೇದಾರರಿದ್ದಾರೆ. ಆದರೂ ಆಡಿದವರನ್ನು ಕೇಳಿ ನೋಡಿ: ದರೋಡೆಗೆ ಹೊರಟವರು ದಾರಿಯಲ್ಲಿ ಜಿಂಕೆ ಕಂಡು ಕುದುರೆ ನಿಲ್ಲಿಸಿದ್ದು, ಮಳೆ ಬಿಡುವುದನ್ನು ನೋಡುತ್ತ ಬೆಟ್ಟದ ಮೇಲೆ ಕೂತದ್ದು, ಇಂಥವನ್ನೇ ಅವರು ಹೆಚ್ಚು ಹೇಳುತ್ತಾರೆ.

ಇಂಥ ಆಟಗಳಿಗೆ ಓಪನ್ ವರ್ಲ್ಡ್ ಎನ್ನುತ್ತಾರೆ. ಒಂದಾದ ಮೇಲೊಂದು ಹಂತ ದಾಟುತ್ತಲೇ ಹೋಗಬೇಕೆಂಬ ನಿಯಮ ಇಲ್ಲಿಲ್ಲ. ಕಥೆಯನ್ನು ಅಲ್ಲಿಗೇ ಬಿಟ್ಟು ಕುದುರೆ ಹೋದತ್ತ ಹೋಗಬಹುದು. ಹಿಮದ ಶಿಖರಗಳು, ಹುಲ್ಲುಗಾವಲು, ಜೌಗು, ಮರುಭೂಮಿ ಎಲ್ಲವೂ ಇರುವ ಐದು ಕಾಲ್ಪನಿಕ ರಾಜ್ಯಗಳು ನಮ್ಮ ಮುಂದಿವೆ. ನಮ್ಮ 48 ನಿಮಿಷಕ್ಕೆ ಅಲ್ಲಿ ಒಂದು ಹಗಲು, ಒಂದು ರಾತ್ರಿ. ನಿಸರ್ಗವನ್ನು ಇಷ್ಟು ಗಮನವಿಟ್ಟು ನೋಡಿ ಕಟ್ಟಿದ ಇನ್ನೊಂದು ಆಟ ನನಗೆ ಗೊತ್ತಿಲ್ಲ. ಅಷ್ಟೊಂದು ನೋಡಿದವರು ಒಂದು ದೊಡ್ಡ ವಿಷಯವನ್ನು ಮಾತ್ರ ಬಿಟ್ಟಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮಂಜನ್ನೇ ತೆಗೆದುಕೊಳ್ಳೋಣ. ಆಟದಲ್ಲಿ ಲೆಮೊಯ್ನ್ ಎಂಬ ರಾಜ್ಯವಿದೆ, ನಿಜದ ಲೂಸಿಯಾನಾವನ್ನು ಹೋಲುವಂಥದ್ದು. ಅದರ ಜೌಗು ನೆಲದಲ್ಲಿ ಬೆಳಗಿನ ಹೊತ್ತು ಸೂರ್ಯನ ಕಡೆ ಮುಖ ಮಾಡಿ ಕುದುರೆ ನಡೆಸಿದರೆ ಮಂಜು ಕಣ್ಣು ಕುಕ್ಕುವಷ್ಟು ಬೆಳಗುತ್ತದೆ. ಕುದುರೆ ತಿರುಗಿಸಿ ಸೂರ್ಯನಿಗೆ ಬೆನ್ನು ಹಾಕಿದರೆ ಅದೇ ಮಂಜು ಬೂದು ಬಣ್ಣಕ್ಕೆ ಇಳಿದು ಮಂಕಾಗಿರುತ್ತದೆ. ಇದರ ಹಿಂದೆ ಇರುವುದು ನೇರವಾದ ಭೌತವಿಜ್ಞಾನ. ಗಾಳಿಯ ಅಣುಗಳು ಬೆಳಕಿನ ಅಲೆಯುದ್ದಕ್ಕಿಂತ ತೀರ ಚಿಕ್ಕವು. ಅವು ನೀಲಿಯನ್ನು ಹೆಚ್ಚು, ಕೆಂಪನ್ನು ಕಡಿಮೆ ಚದುರಿಸುತ್ತವೆ. ಹಗಲಿನ ಆಕಾಶ ನೀಲಿಯಾಗುವುದೂ ಸಂಜೆಯ ಸೂರ್ಯ ಕೆಂಪಾಗುವುದೂ ಇದರಿಂದಲೇ. ಮಂಜಿನ ಹನಿ ಅಲೆಯುದ್ದಕ್ಕಿಂತ ಎಷ್ಟೋ ದೊಡ್ಡದು. ಅದು ಎಲ್ಲ ಬಣ್ಣಗಳನ್ನೂ ಹೆಚ್ಚು ಕಡಿಮೆ ಒಂದೇ ಸಮ ಚದುರಿಸುತ್ತದೆ, ಆದರೆ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ಬೆಳಕು ಮೊದಲು ಯಾವ ಕಡೆಗೆ ಹೋಗುತ್ತಿತ್ತೋ ಹೆಚ್ಚಿನ ಪಾಲನ್ನು ಆ ಕಡೆಗೇ ದಾಟಿಸುತ್ತದೆ. ಹಾಗಾಗಿ ಸೂರ್ಯನಿಗೆ ಎದುರಾಗಿ ನಿಂತವರ ಕಣ್ಣಿಗೆ ಬರುವ ಬೆಳಕು ಹೆಚ್ಚು. ಮೊದಲನೆಯದಕ್ಕೆ ರೇಲೀ ಚದುರಿಕೆ ಎಂದೂ, ಎರಡನೆಯದಕ್ಕೆ 1908ರಲ್ಲಿ ಅದರ ಗಣಿತವನ್ನು ಪ್ರಕಟಿಸಿದ ಗುಸ್ಟಾವ್ ಮೀ ಅವರ ಹೆಸರಿನಲ್ಲಿ ಮೀ ಚದುರಿಕೆ ಎಂದೂ ಹೆಸರು.

ಸೂತ್ರ ಗೊತ್ತಿದ್ದರೆ ಸಾಲದು, ಲೆಕ್ಕಕ್ಕೆ ಸಮಯವೂ ಬೇಕಲ್ಲ. 2018ರ ಕನ್ಸೋಲುಗಳಲ್ಲಿ ಈ ಆಟ ಸೆಕೆಂಡಿಗೆ 30 ಚಿತ್ರಗಳನ್ನು ತೋರಿಸುತ್ತಿತ್ತು. ಅಂದರೆ ಒಂದು ಚಿತ್ರಕ್ಕೆ ಸಿಗುವುದು ಹೆಚ್ಚೆಂದರೆ 33 ಮಿಲಿಸೆಕೆಂಡು. ಎಲೆ, ನೆರಳು, ಕುದುರೆಯ ಮೈ, ನೀರಿನ ಹೊಳಪು ಎಲ್ಲವೂ ಅಷ್ಟರೊಳಗೇ ಆಗಬೇಕು. ಮಂಜಿನ ಪಾಲಿಗೆ ಬರುವುದು ಅದರಲ್ಲೊಂದು ಚೂರು. ಇದನ್ನು ಹೇಗೆ ಸಾಧಿಸಿದೆವು ಎಂಬುದನ್ನು ಈ ಆಟ ಮಾಡಿದ ರಾಕ್‌ಸ್ಟಾರ್ ಕಂಪನಿಯ ಫೇಬಿಯನ್ ಬಾವರ್ 2019ರಲ್ಲಿ ಸಿಗ್ರಾಫ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ಸಮಾವೇಶದಲ್ಲಿ ವಿವರಿಸಿದರು. ಕ್ಯಾಮೆರಾದ ಮುಂದಿನ ಜಾಗವನ್ನು ಕಂಪ್ಯೂಟರು ಮೂರು ಆಯಾಮದ ಚೌಕುಳಿಗಳಾಗಿ ಹೋಳು ಮಾಡುತ್ತದೆ; ಹತ್ತಿರದವು ಚಿಕ್ಕವು, ದೂರ ಹೋದಂತೆ ದೊಡ್ಡವು. ಪ್ರತಿಯೊಂದರಲ್ಲೂ ಎಷ್ಟು ಮಂಜಿದೆ, ಎಷ್ಟು ಬೆಳಕು ಒಳಬರುತ್ತದೆ, ಅದರಲ್ಲೆಷ್ಟು ನಮ್ಮ ಕಡೆ ಚದುರುತ್ತದೆ ಎಂದು ಲೆಕ್ಕ ಹಾಕುತ್ತದೆ. ದೂರದ ಮೋಡಗಳಿಗೆ ಬೇರೆ ಉಪಾಯ: ಕಣ್ಣಿನಿಂದ ಹೊರಟ ಒಂದು ಗೆರೆಯ ಉದ್ದಕ್ಕೂ ಹೆಜ್ಜೆ ಹೆಜ್ಜೆಗೆ ನಿಂತು ಬೆಳಕನ್ನು ಅಳೆಯುತ್ತ ಹೋಗುವುದು. ಹಿಂದಿನ ಚಿತ್ರಕ್ಕೆ ಮಾಡಿದ ಲೆಕ್ಕವನ್ನೂ ಎಸೆಯದೆ ಮುಂದಿನದಕ್ಕೆ ಬಳಸಿಕೊಳ್ಳುತ್ತದೆ. ಮಂಜು, ಮೋಡ, ಹೊಗೆ, ಆಕಾಶದ ಬಣ್ಣ ಎಲ್ಲವೂ ಒಂದೇ ವ್ಯವಸ್ಥೆಯ ಭಾಗವಾಗಿರುವುದರಿಂದ ಮೋಡ ಕವಿದರೆ ಕೆಳಗಿನ ಮಂಜಿನ ಬೆಳಕೂ ಕುಂದುತ್ತದೆ.

ಉಳಿದ ಭೂದೃಶ್ಯದ ಗುಟ್ಟು ಇದಕ್ಕಿಂತ ಸರಳ. ದೂರದ ಮರಗಳು ಕಂಪನಿ ನಾಟಕದ ಸೀನರಿ ಪರದೆಯ ಹಾಗೆ ಬರೀ ಚಿತ್ರ; ಹತ್ತಿರ ಹೋದಂತೆ ಅವುಗಳ ಜಾಗಕ್ಕೆ ರೆಂಬೆ, ಎಲೆ, ತೊಗಟೆ ಇರುವ ಮರ ಬಂದು ನಿಲ್ಲುತ್ತದೆ. ಬೆಟ್ಟದ ಆಚೆಗಿನ ಊರಿನ ವಿವರವೆಲ್ಲ ಡಿಸ್ಕಿನಲ್ಲಿರುತ್ತದೆ. ನಾವು ಆ ಕಡೆ ಹೊರಟಾಗ ಮಾತ್ರ ಅದು ಮೆಮೊರಿಗೆ ಬರುತ್ತದೆ.

ದೇಹದ ಚಲನೆಯ ವಿಷಯ ಹಾಗಲ್ಲ, ಅಲ್ಲಿ ಇನ್ನಷ್ಟು ಶ್ರಮ ಕಾಣುತ್ತದೆ. ನಟರ ಮೈಗೆ ಗುರುತಿನ ಚುಕ್ಕಿಗಳನ್ನು ಅಂಟಿಸಿ, ಹತ್ತಾರು ಕ್ಯಾಮೆರಾಗಳಲ್ಲಿ ಚಲನೆಯನ್ನು ಹಿಡಿಯುವುದು ಒಂದು ದಾರಿ. ಈ ಆಟಕ್ಕೆ ಹಾಗೆ 1,200 ನಟರು ದುಡಿದರು. ಒಟ್ಟು 3 ಲಕ್ಷ ಚಲನೆಯ ತುಣುಕುಗಳಿವೆ ಎಂದು ನಿರ್ಮಾಪಕರೇ ಹೇಳಿದ್ದಾರೆ. ಆದರೆ ಇಳಿಜಾರಿನಲ್ಲಿ ಎಡವಿದ ಕುದುರೆ ಹೇಗೆ ಬೀಳಬೇಕೆಂದು ಮೊದಲೇ ಚಿತ್ರೀಕರಿಸಿಡಲು ಬರುವುದಿಲ್ಲ. ಇಳಿಜಾರು, ವೇಗ, ಎದುರಿನ ಬಂಡೆ ಪ್ರತಿ ಸಲವೂ ಬೇರೆ. ಅಲ್ಲಿ ಯೂಫೋರಿಯಾ ಎಂಬ ತಂತ್ರಾಂಶ ಕೆಲಸಕ್ಕೆ ಬರುತ್ತದೆ. ಮೂಳೆಗೆ ತೂಕ, ಕೀಲಿಗೆ ಮಿತಿ, ಸ್ನಾಯುವಿಗೆ ಬಲ ಎಂದು ಕೊಟ್ಟು, ಸಮತೋಲ ಉಳಿಸಿಕೊಳ್ಳುವ ಪ್ರಯತ್ನವನ್ನು ದೇಹಕ್ಕೇ ಬಿಡುತ್ತದೆ. ಪೆಟ್ಟು ತಿಂದವನು ಗೋಡೆಗೆ ಕೈಚಾಚುವುದು, ಒಂದು ಹೆಜ್ಜೆ ಹಿಂದೆ ತೂರಾಡುವುದು ಆಯಾ ಕ್ಷಣದಲ್ಲಿ ಲೆಕ್ಕವಾಗಿ ಹುಟ್ಟುತ್ತದೆ.

ಇಷ್ಟೆಲ್ಲ ಕಟ್ಟಿದವರು ಸುಮಾರು 1,600 ಮಂದಿ. ರಾಕ್‌ಸ್ಟಾರ್‌ನ ಬೆಂಗಳೂರು ಸ್ಟುಡಿಯೋದವರೂ ಅವರಲ್ಲಿದ್ದರು. ಬಿಡುಗಡೆಯ ಹೊತ್ತಿಗೆ ಈ ಉದ್ಯಮದ ವಿಪರೀತ ಕೆಲಸದ ಅವಧಿಯ ಬಗ್ಗೆ ಜಗತ್ತಿನಾದ್ಯಂತ ಚರ್ಚೆಯಾಯಿತು. ಆ ಚರ್ಚೆ ಆಗಲೇಬೇಕಿತ್ತು. ತೆರೆಯ ಮೇಲಿನ ಒಂದೊಂದು ಹುಲ್ಲಿನ ಎಸಳೂ ಯಾರೋ ನಿದ್ದೆಗೆಟ್ಟು ಮಾಡಿದ ಕೆಲಸ.

ಕಥೆಯ ಒಂದು ತಿರುವನ್ನು ಇಲ್ಲಿ ಹೇಳಲೇಬೇಕು. ಆಡಬೇಕೆಂದಿರುವವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಸಾಲ ವಸೂಲಿಗೆ ಹೋದ ಆರ್ಥರ್ ಒಬ್ಬ ರೋಗಿಯನ್ನು ಹೊಡೆಯುವಾಗ ಆತನ ಕೆಮ್ಮು ಮುಖಕ್ಕೆ ಸಿಡಿಯುತ್ತದೆ. ಎಷ್ಟೋ ಕಾಲದ ಮೇಲೆ ವೈದ್ಯರು ಕ್ಷಯ ಎನ್ನುತ್ತಾರೆ. ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯಾವನ್ನು ಗುರುತಿಸಿದ್ದು 1882ರಲ್ಲಿ, ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. 1899ರ ವೈದ್ಯರಿಗೆ ರೋಗದ ಹೆಸರು ಗೊತ್ತು, ಕಾರಣ ಗೊತ್ತು, ಕೈಯಲ್ಲಿ ಮದ್ದಿಲ್ಲ. ಬಿಸಿಲಿರುವ ಒಣ ಹವೆಯ ಊರಿಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎನ್ನುವುದಷ್ಟೇ ಅಂದಿನ ಚಿಕಿತ್ಸೆ. ಆಮೇಲೆ ಆರ್ಥರ್ ಎಷ್ಟು ಉಂಡರೂ ಮೈ ಹಿಡಿಯುವುದಿಲ್ಲ. ರೋಗವನ್ನು ಮಾತಿನಲ್ಲಿ ಹೇಳಿ ಮುಗಿಸದೆ ಆಟದ ನಿಯಮಕ್ಕೇ ತಂದದ್ದು ನನಗೆ ತುಂಬ ಹಿಡಿಸಿದ ಸಂಗತಿ.

ಇನ್ನು ಬೇಟೆ. ಆಟದಲ್ಲಿ ಸುಮಾರು 200 ಬಗೆಯ ಪ್ರಾಣಿ, ಪಕ್ಷಿ, ಮೀನುಗಳಿವೆ. ಒಳ್ಳೆಯ ಚರ್ಮ ಬೇಕಾದರೆ ಕಂಡದ್ದಕ್ಕೆಲ್ಲ ಗುಂಡು ಹಾರಿಸುವಂತಿಲ್ಲ. ದುರ್ಬೀನಿನಲ್ಲಿ ನೋಡಿ ಆರೋಗ್ಯವಂತ ಪ್ರಾಣಿಯನ್ನು ಆರಿಸಬೇಕು. ಗಾಳಿ ನಮ್ಮಿಂದ ಅದರ ಕಡೆ ಬೀಸುತ್ತಿದ್ದರೆ ವಾಸನೆ ಹಿಡಿದು ಓಡಿಬಿಡುತ್ತದೆ. ಸುತ್ತು ಬಳಸಿ, ಗಾಳಿ ನಮ್ಮ ಮುಖಕ್ಕೆ ಬೀಸುವಂತೆ ಬರಬೇಕು. ಮೊಲಕ್ಕೆ ದೊಡ್ಡ ರೈಫಲ್ ಬಳಸಿದರೆ ಚರ್ಮ ಚಿಂದಿ, ಅದಕ್ಕೆ ಸಣ್ಣ ಬಾಣವೇ ಬೇಕು. ಕೊಂದದ್ದನ್ನು ಅಲ್ಲೇ ಬಿಟ್ಟರೆ ರಣಹದ್ದುಗಳು ಇಳಿಯುತ್ತವೆ, ಹೆಣ ಕೊಳೆಯುತ್ತದೆ. ಗ್ರಿಜ್ಲಿ ಕರಡಿ ಎಷ್ಟೋ ಸಲ ನುಗ್ಗುವಂತೆ ನಟಿಸಿ, ಓಡದೆ ನಿಂತವರನ್ನು ಬಿಟ್ಟು ಹಿಂದಿರುಗುತ್ತದೆ. ನಿಜದ ಗ್ರಿಜ್ಲಿಗಳಿಗೂ ಈ ಹುಸಿದಾಳಿಯ ಅಭ್ಯಾಸ ಇದೆ.

ಹೀಗೆ ನೋಡುತ್ತ ನೋಡುತ್ತ ಆಟಗಾರರು ಏನಾದರೂ ಕಲಿಯುತ್ತಾರೆಯೆ? ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯ ಮತ್ತು ಟ್ರೂರೋ ಅಂಡ್ ಪೆನ್‌ವಿತ್ ಕಾಲೇಜಿನ ಸಂಶೋಧಕರು ಇದನ್ನು ಪರೀಕ್ಷಿಸಿ 2021ರಲ್ಲಿ ‘ಪೀಪಲ್ ಅಂಡ್ ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 500ಕ್ಕೂ ಹೆಚ್ಚು ಗೇಮರುಗಳಿಗೆ ಅಮೆರಿಕದ 15 ಪ್ರಾಣಿಗಳ ನಿಜವಾದ ಫೋಟೋ ತೋರಿಸಿ ಹೆಸರು ಕೇಳಿದರು. ಈ ಆಟ ಆಡಿದವರು ಸರಾಸರಿ 10ನ್ನು ಸರಿಯಾಗಿ ಗುರುತಿಸಿದರು, ಆಡದವರಿಗಿಂತ ಮೂರು ಹೆಚ್ಚು. ಪ್ರಾಣಿಗಳೆಂದರೆ ಪ್ರೀತಿ ಇರುವವರೇ ಈ ಆಟ ಹಿಡಿದಿರಬಹುದಲ್ಲ ಎಂಬ ಅನುಮಾನ ಸಹಜ. ಆದರೆ ಕಥೆ ಪೂರ್ತಿ ಮುಗಿಸಿದವರ, ಇತ್ತೀಚೆಗೆ ಆಡಿದವರ, ಆನ್‌ಲೈನ್ ಆವೃತ್ತಿಯಲ್ಲಿ ನಿಸರ್ಗಶಾಸ್ತ್ರಜ್ಞರ ಪಾತ್ರ ವಹಿಸಿದವರ ಅಂಕ ಉಳಿದ ಆಟಗಾರರಿಗಿಂತಲೂ ಮೇಲಿತ್ತು. ಕಲಿತದ್ದು ಆಟದಿಂದಲೇ ಎಂಬುದಕ್ಕೆ ಇದು ಬಲ ಕೊಡುತ್ತದೆ. ಕಲಿಸಬೇಕೆಂದು ಮಾಡಿದ ಆಟವಲ್ಲದ್ದರಿಂದ ಈ ಫಲಿತಾಂಶಕ್ಕೆ ಇನ್ನೂ ಹೆಚ್ಚಿನ ಬೆಲೆ.

ಮೊದಲೇ ಹೇಳಿದ ಆ ದೊಡ್ಡ ಕೊರತೆ ಇರುವುದು ಪ್ರಾಣಿಗಳ ಸಂಖ್ಯೆಯಲ್ಲಿ. ಆಟದಲ್ಲಿ ಇಂದು ಬೈಸನ್ ಹಿಂಡಿಗೆ ಹಿಂಡನ್ನೇ ಕೊಂದರೂ ಕೆಲವು ದಿನ ಬಿಟ್ಟು ಬಂದರೆ ಹುಲ್ಲುಗಾವಲಿನಲ್ಲಿ ಮತ್ತೆ ಹಿಂಡು ಮೇಯುತ್ತಿರುತ್ತದೆ. ಇತಿಹಾಸದಲ್ಲಿ ಆದದ್ದೇ ಬೇರೆ. ಕೋಟಿಗಟ್ಟಲೆ ಇದ್ದ ಬೈಸನ್‌ಗಳು ಚರ್ಮದ ವ್ಯಾಪಾರಕ್ಕೆ ಬಲಿಯಾಗಿ, 1889ರಲ್ಲಿ ವಿಲಿಯಂ ಹಾರ್ನಡೆ ಎಣಿಸಿದಾಗ ಇಡೀ ಉತ್ತರ ಅಮೆರಿಕದಲ್ಲಿ ಸಾಕಿದವೂ ಸೇರಿ ಸುಮಾರು ಸಾವಿರ ಉಳಿದಿದ್ದವು. 1902ರಲ್ಲಿ ಯೆಲ್ಲೊಸ್ಟೋನ್ ಉದ್ಯಾನದಲ್ಲಿ ಕಾಡುಹಿಂಡಿನ ಲೆಕ್ಕ ಎರಡು ಡಜನ್ ಮುಟ್ಟಿರಲಿಲ್ಲ. 1899ರಲ್ಲಿ ನಿಜವಾಗಿ ಕುದುರೆ ಏರಿ ಹೊರಟವರಿಗೆ ಆಟದಲ್ಲಿ ಕಾಣುವಂಥ ಹಿಂಡು ಕಾಣುತ್ತಿರಲಿಲ್ಲ. ಕೊಂದು ಕೊಳೆಯಲು ಬಿಟ್ಟ ಬೈಸನ್‌ಗಳನ್ನು ಕಂಡು ಚಾರ್ಲ್ಸ್ ಸ್ಮಿತ್ ಎಂಬ ಪಾತ್ರ ಸಿಟ್ಟಿಗೇಳುವ ಪ್ರಸಂಗ ಕಥೆಯಲ್ಲಿದೆ. ಆ ಸಿಟ್ಟು ಆಟದ ನಿಯಮಗಳವರೆಗೆ ಇಳಿದಿಲ್ಲ.

ಒಂದು ಹಕ್ಕಿಯ ವಿಷಯದಲ್ಲಿ ಮಾತ್ರ ಇಳಿದಿದೆ. ಲೆಮೊಯ್ನ್‌ನ ಜೌಗಿನಲ್ಲಿ ಹಳದಿ ತಲೆ, ಹಸಿರು ಮೈಯ ಕ್ಯಾರೊಲಿನಾ ಗಿಳಿಗಳಿವೆ. ಅವುಗಳ ಸಂಖ್ಯೆಗೆ ಮಿತಿ ಇದೆ. ಕೊಲ್ಲುತ್ತ ಹೋದರೆ ಒಂದು ದಿನ ಮುಗಿದುಹೋಗುತ್ತವೆ, ಮತ್ತೆ ಹುಟ್ಟುವುದಿಲ್ಲ. ನಿಜದಲ್ಲೂ ಹಾಗೇ ಆಯಿತು. ಕಾಡು ಕಡಿದರು, ಟೋಪಿಯ ಗರಿಗಾಗಿ ಬೇಟೆಯಾಡಿದರು, ಹಣ್ಣಿನ ತೋಟಕ್ಕೆ ಪೀಡೆ ಎಂದು ಗುಂಡಿಕ್ಕಿ ಕೊಂದರು. ಗುಂಡೇಟಿಗೆ ಬಿದ್ದ ಜೊತೆಗಾರರ ಸುತ್ತ ಮತ್ತೆ ಮತ್ತೆ ಬಂದು ಸುತ್ತುವ ಸ್ವಭಾವ ಈ ಗಿಳಿಗಳದು. ಹಾಗಾಗಿ ನಿಂತಲ್ಲೇ ಇಡೀ ಹಿಂಡನ್ನು ಮುಗಿಸುವುದು ಸುಲಭವಾಗಿತ್ತು. ಪಂಜರದಲ್ಲಿದ್ದ ಕೊನೆಯದು 1918ರ ಫೆಬ್ರುವರಿಯಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು.

ಇದೇ ನಿಯಮವನ್ನು ಎಲ್ಲ ಪ್ರಾಣಿಗಳಿಗೂ ಯಾಕೆ ತರಲಿಲ್ಲ? ಲೆಕ್ಕ ಕಷ್ಟವೆಂದಲ್ಲ. ಬೇಟೆ ಮತ್ತು ಬೇಟೆಗಾರ ಪ್ರಾಣಿಗಳ ಸಂಖ್ಯೆ ಒಂದನ್ನೊಂದು ಹೇಗೆ ಏರಿಳಿಸುತ್ತದೆ ಎಂಬ ಸಮೀಕರಣಗಳನ್ನು ಲೋಟ್ಕಾ ಮತ್ತು ವೋಲ್ಟೆರಾ 1920ರ ದಶಕದಲ್ಲೇ ಕೊಟ್ಟಿದ್ದಾರೆ. 200 ಜಾತಿಗಳಿಗೆ ದಿನಕ್ಕೊಮ್ಮೆ ಅದನ್ನು ಬಿಡಿಸುವುದು ಒಂದು ಕ್ಷಣದ ಮಂಜನ್ನು ಬಿಡಿಸುವುದಕ್ಕಿಂತ ಎಷ್ಟೋ ಹಗುರ. ಅಡ್ಡಿ ಬರುವುದು ಆಟಗಾರರಿಂದ. 1997ರ ‘ಅಲ್ಟಿಮಾ ಆನ್‌ಲೈನ್’ ಗೇಮಿನಲ್ಲಿ ಹುಲ್ಲು, ಮೊಲ, ತೋಳ ಎಂದು ಆಹಾರ ಸರಪಳಿಯನ್ನೇ ಕಟ್ಟಲು ಹೊರಟಿದ್ದರು. ಸಾವಿರಾರು ಆಟಗಾರರು ಒಟ್ಟಿಗೆ ನುಗ್ಗಿ, ಪ್ರಾಣಿಗಳು ಹುಟ್ಟುವುದಕ್ಕಿಂತ ಬೇಗ ಕೊಂದು ಹಾಕಿದರು. ಕೊನೆಗೆ ಆ ವ್ಯವಸ್ಥೆಯನ್ನೇ ತೆಗೆಯಬೇಕಾಯಿತು.

ಒಬ್ಬರೇ ಕೂತು ಆಡುವ ಗೇಮಿಗೆ ಆ ಭಯ ಅಷ್ಟಿಲ್ಲ. ಅಲ್ಲಿ ಕೊಲ್ಲುವ ಕೈ ಒಂದೇ. ಹಿಂಡು ಕರಗುತ್ತ ಬಂದಂತೆ ತೋಳಗಳು ಊರ ಹತ್ತಿರ ಸುಳಿಯುವುದು, ಚರ್ಮದ ಬೆಲೆ ಏರುವುದು, ಮೇಯುವವರಿಲ್ಲದೆ ಹುಲ್ಲು ಎದೆಯೆತ್ತರ ಬೆಳೆಯುವುದು ಇವೆಲ್ಲ ಆಟಕ್ಕೆ ಹೊಸ ಸವಾಲುಗಳನ್ನೇ ಕೊಟ್ಟಾವು. ಗಿಳಿಗೆ ಕೊಟ್ಟ ನಿಯಮವನ್ನು ಮುಂದಿನ ಆಟದಲ್ಲಿ ಬೈಸನ್‌ಗೂ ಕೊಟ್ಟರೆ, ಎಕ್ಸೆಟರಿನವರಂಥ ಸಂಶೋಧಕರು ಆಟಗಾರರಿಗೆ ಪ್ರಾಣಿಯ ಹೆಸರಿನ ಜೊತೆಗೆ ಅದು ಹೇಗೆ ಕಾಣೆಯಾಯಿತು ಎಂದೂ ಕೇಳಬಹುದು.