ಹೆಸರು ಒಂದೇ, ಬೆಲೆ ಎರಡು!

ಮಕ್ಕಳೇ, ನಮ್ಮ ಆದವಾನಿ ಅಂದರೆ ಹತ್ತಿಯ ಊರು. ಹತ್ತಿ ವ್ಯಾಪಾರದಲ್ಲಿ ‘ಖಂಡಿ’ ಎಂಬ ಹಳೆಯ ಅಳತೆ ಉಂಟು. ಮದ್ರಾಸಿನ ಖಂಡಿ 500 ಪೌಂಡು. ಬೊಂಬಾಯಿಯ ಹತ್ತಿ ಖಂಡಿ 784 ಪೌಂಡು. ಚೀಟಿಯಲ್ಲಿ ಬರೀ ‘10 ಖಂಡಿ’ ಅಂತ ಬರೆದರೆ ಯಾವುದನ್ನು ನಂಬೋದು? ಇಂಥದೇ ತೊಡಕು ಕಂಪ್ಯೂಟರಿನ ಒಳಗೂ ಇದೆ.

ಎಷ್ಟೋ ಎಲೆಕ್ಟ್ರಾನಿಕ್ ತಕ್ಕಡಿಗಳು ತೂಕವನ್ನು ‘ಸೀರಿಯಲ್’ ತಂತಿಯ ಮೂಲಕ ಕಂಪ್ಯೂಟರಿಗೆ ಕಳಿಸುತ್ತವೆ. ಇಲ್ಲಿ ಬಿಟ್‌ಗಳು ಒಂದರ ಹಿಂದೆ ಒಂದು, ಸಾಲಾಗಿ ಹೋಗುತ್ತವೆ. ವೇಗ ಸೆಕೆಂಡಿಗೆ 9600 ಬಿಟ್ ಆದರೆ ಒಂದು ಬಿಟ್ಟಿಗೆ ಸುಮಾರು 104 ಮೈಕ್ರೋಸೆಕೆಂಡು. ಕೇಳುವ ಕಡೆ 4800 ಅಂದುಕೊಂಡರೆ ತೂಕದ ಬದಲು ಅರ್ಥವಿಲ್ಲದ ಅಕ್ಷರ ಬರುತ್ತವೆ.

ಈ ವೇಗವನ್ನು ನೋಡಿಕೊಳ್ಳುವುದು ಆಪರೇಟಿಂಗ್ ಸಿಸ್ಟಮ್‌ನ ಡ್ರೈವರ್. ಪ್ರೋಗ್ರಾಂ ಬರೆಯುವವರು ವೇಗಗಳಿಗೆ ಒಂದೊಂದು ಹೆಸರಿಟ್ಟು, ಹೆಸರಿಗೊಂದು ಬೆಲೆ ಕೊಟ್ಟು ‘ಹೆಡರ್’ ಫೈಲಿನಲ್ಲಿ ಇಡುತ್ತಾರೆ. ಇವೇ ಸ್ಥಿರಾಂಕಗಳು.

‘ಬಿ9600’ ಎಂಬ ಹೆಸರನ್ನೇ ನೋಡಿ. ಫ್ರೀಬಿಎಸ್‌ಡಿಯಲ್ಲಿ ಅದರ ಬೆಲೆ 9600. ಲಿನಕ್ಸ್‌ನಲ್ಲಿ 13! ಯಾಕೆ? ಅಲ್ಲಿ ವೇಗಗಳನ್ನು 0, 50, 75 ಹೀಗೆ ಪಟ್ಟಿ ಮಾಡಿ, ಸೊನ್ನೆಯಿಂದ ಕ್ರಮಸಂಖ್ಯೆ ಕೊಟ್ಟಿದ್ದಾರೆ. 4800ಕ್ಕೆ 12, 9600ಕ್ಕೆ 13. ಲಿನಕ್ಸ್ ಒಳಗೇ ‘ಬಿ57600’ರ ಬೆಲೆ ಸಾಮಾನ್ಯ ಪಿಸಿಯಲ್ಲಿ 4097, ಪವರ್‌ಪಿಸಿ ಯಂತ್ರದಲ್ಲಿ 16.

ಯಾರದೂ ತಪ್ಪಲ್ಲ, ಅವರವರ ಪಟ್ಟಿ ಅವರಿಗೆ ಸರಿ. ತಪ್ಪಾಗುವುದು ಎರಡು ಕಡೆ. ಒಂದು: ಹೆಸರಿನ ಬದಲು ನೇರವಾಗಿ 13 ಅಂತ ಬರೆದಾಗ. ಅದೇ ಪ್ರೋಗ್ರಾಂ ಫ್ರೀಬಿಎಸ್‌ಡಿಗೆ ಹೋದರೆ, ಸೆಕೆಂಡಿಗೆ 13 ಬಿಟ್ ಬೇಕು ಎಂದು ಕೇಳಿದಂತೆ! ಎರಡು: ಒಂದೇ ಹೆಸರಿಗೆ ಬೇರೆ ಬೇರೆ ಬೆಲೆ ಕೊಟ್ಟ ಎರಡು ಫೈಲುಗಳು ಒಂದೇ ಸಿ ಪ್ರೋಗ್ರಾಮಿನಲ್ಲಿ ಸೇರಿದಾಗ. ಆಗ ಕಂಪೈಲರ್ ಸಾಮಾನ್ಯವಾಗಿ ಎಚ್ಚರಿಕೆ ಕೊಡುತ್ತದೆ. ‘ಬರೀ ಎಚ್ಚರಿಕೆ ತಾನೇ’ ಅಂತ ಬಿಟ್ಟರೆ, ಕೊನೆಗೆ ಬಂದ ಬೆಲೆಯೇ ನಿಲ್ಲುತ್ತದೆ. ಪ್ರೋಗ್ರಾಂ ಓಡುತ್ತದೆ, ಕೆಲಸ ಕೆಡುತ್ತದೆ. ರೈತನ ದುಡ್ಡು ನಿಂತಿರುವುದು ಆ ತೂಕದ ಮೇಲೆ ಎಂಬುದು ನೆನಪಿರಲಿ.

ಅದಕ್ಕೇ ಬಲ್ಲವರು ಬೆಲೆಯನ್ನು ಒಂದೇ ಕಡೆ ಬರೆಯುತ್ತಾರೆ, ಉಳಿದೆಡೆ ಹೆಸರನ್ನೇ ಬಳಸುತ್ತಾರೆ, ಎಚ್ಚರಿಕೆಯನ್ನು ಓದುತ್ತಾರೆ.

ಮಾಡಿ ನೋಡಿ: ಗೆಳೆಯರಿಬ್ಬರು ದೂರ ನಿಲ್ಲಿ. ಒಬ್ಬರು ಸೆಕೆಂಡಿಗೊಮ್ಮೆ ಕೈ ಎತ್ತಿ (1) ಇಲ್ಲವೇ ಇಳಿಸಿ (0) 1, 0, 1, 1 ತೋರಿಸಲಿ. ಇನ್ನೊಬ್ಬರು ಎರಡು ಸೆಕೆಂಡಿಗೊಮ್ಮೆ ಮಾತ್ರ ನೋಡಿ ಬರೆದುಕೊಳ್ಳಲಿ. ಏನು ಬಂತು? ಎಷ್ಟು ಕಳೆದುಹೋಯಿತು?