ಮುಳುಗಿದ ಪೈರಿಗೆ ಎರಡು ಆಜ್ಞೆ

ಭತ್ತಕ್ಕೆ ನೀರು ಬೇಕು, ಆದರೆ ತಲೆ ಮುಳುಗುವಷ್ಟಲ್ಲ. ಪೂರ್ತಿ ಮುಳುಗಿದ ಪೈರಿಗೆ ಬೆಳಕೂ ಕಮ್ಮಿ, ಗಾಳಿಯೂ ಕಮ್ಮಿ. ಆಹಾರ ತಯಾರಿಕೆ ನಿಂತಂತೆಯೇ. ಆದರೂ ಸಾಮಾನ್ಯ ತಳಿ ಕೂಡಿಟ್ಟ ಸಕ್ಕರೆಯನ್ನೆಲ್ಲ ಸುರಿದು, ಮೇಲಕ್ಕೆ ಬರುವ ಹಟದಲ್ಲಿ ಎಲೆಗಳನ್ನು ಉದ್ದಕ್ಕೆ ಬೆಳೆಸುತ್ತದೆ. ನೆರೆ ಇಳಿಯುವ ಹೊತ್ತಿಗೆ ಅದು ದಿವಾಳಿ. ಸೊರಗಿದ ಎಲೆಗಳು ಕೆಸರಿಗೆ ಒರಗುತ್ತವೆ, ಮತ್ತೆ ಚಿಗುರಲು ತ್ರಾಣವಿರುವುದಿಲ್ಲ.

ಒಡಿಶಾದ ನಾಡತಳಿಯಿಂದ ಆಯ್ದ ಎಫ್‌ಆರ್13ಎ ಹಾಗಲ್ಲ. ಎರಡು ವಾರ ನೀರಿನಡಿ ಇದ್ದರೂ ಚೇತರಿಸಿಕೊಳ್ಳುತ್ತದೆ. ಇಳುವರಿ ಕಡಿಮೆಯಾದ್ದರಿಂದ ಮಾರುಕಟ್ಟೆ ಅದನ್ನು ಕೇಳಲಿಲ್ಲ, ವಿಜ್ಞಾನಿಗಳು ಮಾತ್ರ ಬಿಡಲಿಲ್ಲ. 1996ರಲ್ಲಿ ಕೆನೊಂಗ್ ಶು ಮತ್ತು ಡೇವಿಡ್ ಮ್ಯಾಕಿಲ್ ಈ ಗುಣದ ನೆಲೆಯನ್ನು ಒಂಬತ್ತನೇ ವರ್ಣತಂತುವಿನಲ್ಲಿ ಗುರುತಿಸಿದರು. 2006ರಲ್ಲಿ ಪಮೇಲಾ ರೊನಾಲ್ಡ್ ಅವರನ್ನೂ ಒಳಗೊಂಡ ತಂಡ ಅದರ ಹಿಂದಿನ ಜೀನ್ ಸಬ್1ಎ ಎಂದು ತೋರಿಸಿತು.

ಸಬ್1ಎ ತಾನೇ ಯಾವ ಕೆಲಸವನ್ನೂ ಮಾಡುವುದಿಲ್ಲ, ಮಾಡಿಸುತ್ತದೆ. ಅದರಿಂದ ಹುಟ್ಟುವ ಪ್ರೊಟೀನು ಬೇರೆ ಜೀನ್‌ಗಳು ಯಾವಾಗ ದುಡಿಯಬೇಕು, ಯಾವಾಗ ಸುಮ್ಮನಿರಬೇಕು ಎಂದು ನಿರ್ಧರಿಸುವ ನಿಯಂತ್ರಕ. ಅನಿಲಗಳು ನೀರಿನಲ್ಲಿ ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತವೆ. ಹಾಗಾಗಿ ಮುಳುಗಿದ ಗಿಡ ಸೂಸುವ ಎಥಿಲೀನ್ ಹೊರಹೋಗಲಾರದೆ ಒಳಗೇ ತುಂಬಿಕೊಳ್ಳುತ್ತದೆ. ಅದೇ ಸುಳಿವು. ಸಬ್1ಎ ಎಚ್ಚೆತ್ತು, ಕಾಂಡ-ಎಲೆಗಳನ್ನು ಉದ್ದವಾಗಿಸುವ ಜಿಬ್ಬರೆಲಿನ್ ಹಾರ್ಮೋನಿನ ಮಾತು ನಡೆಯದಂತೆ ತಡೆಯುತ್ತದೆ. ಸಕ್ಕರೆ ಉಳಿಯುತ್ತದೆ.

ಸೋಜಿಗವಿರುವುದು ಮುಂದೆ. ಆಳನೀರಿನ ಭತ್ತದಲ್ಲಿ ಇದೇ ಕುಟುಂಬದ ಇನ್ನೆರಡು ಜೀನ್‌ಗಳು ಇದೇ ಎಥಿಲೀನ್‌ಗೆ ತದ್ವಿರುದ್ಧ ಆಜ್ಞೆ ಕೊಡುತ್ತವೆ: ಬೆಳೆ, ಬೇಗ ಬೆಳೆ! 2009ರಲ್ಲಿ ಇವನ್ನು ಪತ್ತೆಹಚ್ಚಿದ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಂಡ ಸ್ನಾರ್ಕೆಲ್ ಎಂದು ಹೆಸರಿಟ್ಟಿತು. ಆ ಭತ್ತ ದಿನಕ್ಕೆ 20-25 ಸೆಂಟಿಮೀಟರ್ ಎತ್ತರವಾಗಬಲ್ಲದು. ತಿಂಗಳುಗಟ್ಟಲೆ ನಿಲ್ಲುವ ನೆರೆಗೆ ಅದೇ ಸರಿ. ಬಂದು ಹೋಗುವ ನೆರೆಗೆ ಸಬ್1ಎ ಜಾಣತನವೇ ಮೇಲು.

ಆಂಧ್ರದ ಮಾರುಟೇರಿನಲ್ಲಿ ರೂಪುಗೊಂಡು ಲಕ್ಷಾಂತರ ರೈತರ ಗದ್ದೆ ಸೇರಿದ್ದ ಸ್ವರ್ಣ ತಳಿಗೆ ಈ ಜೀನನ್ನು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಸೇರಿಸಿತು. ಇದು ಕುಲಾಂತರಿಯಲ್ಲ, ಡಿಎನ್‌ಎ ಗುರುತು ನೋಡಿಕೊಂಡು ಮಾಡಿದ ಮಾಮೂಲಿ ತಳಿಸಂಕರ. 2009ರಲ್ಲಿ ಸ್ವರ್ಣ-ಸಬ್1 ಭಾರತದಲ್ಲಿ ಬಿಡುಗಡೆಯಾಯಿತು. ನೆರೆ ಬಾರದ ವರ್ಷವೂ ಇದರ ಇಳುವರಿ ಸ್ವರ್ಣಕ್ಕೆ ಸಮ, ರೈತ ಒಪ್ಪಿದ್ದಕ್ಕೆ ಅದೂ ಕಾರಣ. ಆದರೆ ಮೊಣಕಾಲುದ್ದದ ನೀರು ವಾರಗಟ್ಟಲೆ ಕದಲದೆ ನಿಂತ ಗದ್ದೆಯಲ್ಲಿ ಈ ಸುಮ್ಮನಿರುವ ಗುಣವೇ ಪೈರಿಗೆ ಮುಳುವು. ಅಂಥ ಕಡೆಗೆ ಸ್ವಲ್ಪ ಎತ್ತರವೂ ಆಗಬಲ್ಲ, ಮುಳುಗಿದರೂ ತಾಳಬಲ್ಲ ತಳಿಗಾಗಿ ತಳಿವಿಜ್ಞಾನಿಗಳು ಹುಡುಕುತ್ತಿದ್ದಾರೆ.