ದೇವರು ಮಾಡಿದನೋ, ಮಾಡಿದರೋ?

ಬೇರಿಕೆ ಸೀಮೆಯಲ್ಲಿ ಹುಟ್ಟಿದವರು ಮೂರು ಭಾಷೆಗಳನ್ನು ಕಲಿಯುವುದಿಲ್ಲ, ಅವು ತಾವಾಗಿ ನಾಲಗೆಗೆ ಹತ್ತಿಕೊಳ್ಳುತ್ತವೆ. ನಮ್ಮ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಶಾಲೆಯ ಕರಿಹಲಗೆಯ ಮೇಲೆ ತಮಿಳು. ಗಡಿ ದಾಟಿದರೆ ಮಾಲೂರು, ಮಾಸ್ತಿ. ಈ ಕಡೆ ಬಾಗಲೂರು, ಹೊಸೂರು. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಹೊಸೂರು ಸೀಮೆ ಮದರಾಸಿನಲ್ಲೇ ಉಳಿಯಿತು. ಗೆರೆ ನೆಲದ ಮೇಲೆ ಬಿತ್ತೇ ಹೊರತು ಬಾಯೊಳಗೆ ಬೀಳಲಿಲ್ಲ. ಇಲ್ಲಿನ ಕ್ರೈಸ್ತ ಮನೆಗಳಲ್ಲಿ ಒಂದೇ ಕಪಾಟಿನಲ್ಲಿ ಕನ್ನಡದ ಸತ್ಯವೇದ, ತಮಿಳಿನ ವೇದಾಗಮಂ, ತೆಲುಗಿನ ಪರಿಶುದ್ಧ ಗ್ರಂಥಮು ಒತ್ತಾಗಿ ನಿಂತಿರುವುದನ್ನು ನೋಡಿದ್ದೇನೆ. ನಾನು ಆ ಧರ್ಮದವನಲ್ಲ. ಆದರೂ ಒಂದು ಮಧ್ಯಾಹ್ನ ಆ ಮೂರನ್ನೂ ಮಗ್ಗುಲಲ್ಲಿ ತೆರೆದಿಟ್ಟುಕೊಂಡು ಆದಿಕಾಂಡದ ಮೊದಲ ವಾಕ್ಯವನ್ನು ಓದಿದವನು ಇವತ್ತಿಗೂ ಅದರಿಂದ ಎದ್ದು ಬಂದಿಲ್ಲ.

ಲೋಕ ಸೃಷ್ಟಿಯಾದ ಸಂಗತಿ ಮೂರರಲ್ಲೂ ಒಂದೇ. ವ್ಯಾಕರಣ ಮಾತ್ರ ಬೇರೆ. ತಮಿಳಿನಲ್ಲಿ ಕರ್ತೃಪದ 'ದೇವನ್', ಏಕವಚನ. ಕ್ರಿಯಾಪದಕ್ಕೆ ಮಾತ್ರ 'ಆರ್' ಎಂಬ ಗೌರವದ ಬಹುವಚನ. ತೆಲುಗಿನಲ್ಲಿ 'ದೇವುಡು', ಕ್ರಿಯಾಪದವೂ ಏಕವಚನವೇ. ನಮ್ಮ ಹಳೆಯ ಕನ್ನಡ ಆವೃತ್ತಿಯಲ್ಲಿ ತಮಿಳಿಗೆ ಪೂರಾ ತಿರುವುಮುರುವು: ಕರ್ತೃ 'ದೇವರು', ಕ್ರಿಯೆಯ ಕೊನೆಗೆ 'ಅನು'. ಆಡುಮಾತಿನ ಹೊಸ ಅನುವಾದಕ್ಕೆ ಬಂದರೆ ಕ್ರಿಯಾಪದವೂ 'ಅರು' ಆಗಿದೆ.

'ದೇವರು ಮಾಡಿದನು' ಎಂಬುದು ವ್ಯಾಕರಣದ ಮೇಷ್ಟರಿಗೆ ತಪ್ಪಾಗಿ ಕಂಡೀತು. ಆದರೆ ನಮ್ಮ ಬಾಯಲ್ಲಿ ಬರುವುದು ಅದೇ. ಮಳೆ ಕೈಕೊಟ್ಟಾಗ 'ದೇವರಿದ್ದಾನೆ ಬಿಡು' ಅನ್ನುತ್ತೇವೆ, 'ದೇವರು ನೋಡ್ಕೋತಾನೆ' ಅನ್ನುತ್ತೇವೆ. ಹೆಸರಿಗೆ ಬಹುವಚನ, ಕೆಲಸಕ್ಕೆ ಏಕವಚನ. ಹೀಬ್ರೂ ಮೂಲದಲ್ಲಿ ಇರುವುದೂ ಹೀಗೆಯೇ! ಅಲ್ಲಿ ದೇವರಿಗಿರುವ ಪದ 'ಎಲೋಹೀಮ್'. 'ಈಮ್' ಎಂಬುದು ಹೀಬ್ರೂವಿನ ಬಹುವಚನ ಪ್ರತ್ಯಯ. ಕ್ರಿಯಾಪದ 'ಬಾರಾ', ಅಂದರೆ ಸೃಷ್ಟಿಸಿದನು, ಏಕವಚನ. ಇದನ್ನು ಹಿರಿಮೆಯನ್ನು ಸೂಚಿಸುವ ಬಹುವಚನವೆಂದು ವಿವರಿಸುವ ವಿದ್ವಾಂಸರು ಬಹಳ. ಅದೇ ಪದ ಬೇರೆ ಕಡೆ ಅನ್ಯ ದೇವತೆಗಳಿಗೂ ಬರುವುದರಿಂದ ಅದರೊಳಗೆ ಹಳೆಯ ಬಹುದೇವ ಲೋಕದ ನೆನಪಿದೆ ಎನ್ನುವವರೂ ಇದ್ದಾರೆ. ಇಂಗ್ಲಿಷಿನಲ್ಲಿ ಇದನ್ನು ಹೇಳಬೇಕಾದರೆ ಅಡಿಟಿಪ್ಪಣಿ ಬೇಕು. ಕನ್ನಡದವರಿಗೆ ನಮ್ಮದೇ ಮಾತನ್ನು ನೆನಪಿಸಿದರೆ ಸಾಕು.

ಈ ಪುಸ್ತಕ ಕನ್ನಡಕ್ಕೆ ಬಂದದ್ದು ಬಳ್ಳಾರಿಯ ದಾರಿಯಿಂದ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದಿಳಿದಾಗ ಅವರ ಕೈಯಲ್ಲಿ ಅಚ್ಚಾದ ಕನ್ನಡ ವ್ಯಾಕರಣವಿರಲಿಲ್ಲ, ನಿಘಂಟಿರಲಿಲ್ಲ. ಜನರ ಬಾಯಿಂದ ಭಾಷೆಯನ್ನು ಕೂಡಿಸಿಕೊಳ್ಳುತ್ತಲೇ ಅನುವಾದಕ್ಕೆ ಕೂತರು. ಅತ್ತ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿ ಕೂಡ ಕನ್ನಡಕ್ಕೆ ಕೈಹಾಕಿದ್ದರು. 1812ರ ಮಾರ್ಚಿಯಲ್ಲಿ ಅಲ್ಲಿನ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಕನ್ನಡದ ಹಸ್ತಪ್ರತಿ ಸುಟ್ಟುಹೋಯಿತು. ಕೇರಿ ಮತ್ತೆ ಮೊದಲಿನಿಂದ ಆರಂಭಿಸಿ 1817ರಲ್ಲಿ ಕನ್ನಡ ವ್ಯಾಕರಣವನ್ನೂ ಅಚ್ಚು ಹಾಕಿಸಿದರು. ಬಳ್ಳಾರಿಯಲ್ಲಿ ಹ್ಯಾಂಡ್ಸ್ ಜೊತೆಗೂಡಿದ ವಿಲಿಯಂ ರೀವ್ ಇಂಗ್ಲಿಷ್-ಕನ್ನಡ ನಿಘಂಟನ್ನು 1824ರಲ್ಲೂ, ಕನ್ನಡ-ಇಂಗ್ಲಿಷ್ ನಿಘಂಟನ್ನು 1832ರಲ್ಲೂ ಹೊರತಂದರು. ಇಡೀ ಬೈಬಲ್ ಕನ್ನಡದಲ್ಲಿ ಕೈಗೆ ಸಿಕ್ಕಿದ್ದೂ ಸರಿಸುಮಾರು ಆಗಲೇ, 1830ರ ದಶಕದ ಆರಂಭದಲ್ಲಿ. ಇಪ್ಪತ್ತು ವರ್ಷಕ್ಕೂ ಮೀರಿದ ದುಡಿಮೆ ಅದು.

ಅದು ಮುಗಿಯುವ ಮೊದಲೇ ಆಕ್ಷೇಪ ಎದ್ದಿತ್ತು. ಮೈಸೂರು ಸೀಮೆಯಲ್ಲಿ ದಶಕಗಳ ಕಾಲ ಓಡಾಡಿ ಕನ್ನಡವನ್ನು ಚೆನ್ನಾಗಿ ಬಲ್ಲವರಾಗಿದ್ದ ಫ್ರೆಂಚ್ ಪಾದ್ರಿ ಅಬೆ ದುಬ್ವಾ 1823ರಲ್ಲಿ ಪ್ರಕಟಿಸಿದ ತಮ್ಮ ಪತ್ರಗಳಲ್ಲಿ ಇಂಥ ಅನುವಾದಗಳನ್ನು ಕಟುವಾಗಿ ಟೀಕಿಸಿದರು. ಒರಟು ಗದ್ಯದಲ್ಲಿ ಬರೆದದ್ದಕ್ಕೆ ಇಲ್ಲಿನ ವಿದ್ವಾಂಸರು ಕಿವಿಗೊಡುವುದಿಲ್ಲ ಎಂಬುದು ಅವರ ಒಂದು ಮಾತು. ವಿವರಣೆಯಿಲ್ಲದೆ ಗ್ರಂಥವನ್ನು ಹಾಗೇ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದು ಇನ್ನೊಂದು. ಅಬ್ರಹಾಮನು ಮನೆಗೆ ಬಂದ ಅತಿಥಿಗಳಿಗೆ ಎಳೆಗರುವನ್ನು ಕೊಯ್ಯಿಸಿ ಉಣಬಡಿಸಿದ ಕಥೆಯನ್ನು ಓದಿದ ಹಿಂದೂ ಗೃಹಸ್ಥನು ಪುಸ್ತಕವನ್ನು ಅಲ್ಲೇ ಕೆಳಗಿಡುತ್ತಾನೆ ಎಂದರು. ಅನುವಾದವನ್ನೇ ನಿಲ್ಲಿಸಬೇಕೆಂಬ ಅವರ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಆದರೆ ಪ್ರಶ್ನೆ ನಿಜವಾದದ್ದು. ದನ ಕುರಿ ಮೇಯಿಸಿಕೊಂಡು ಗುಡಾರದಲ್ಲಿ ಬಾಳಿದ ಜನಕ್ಕೆ ಅತಿಥಿ ಎಂದರೆ ಏನು, ಎಳೆಗರು ಎಂದರೆ ಎಷ್ಟು ದೊಡ್ಡ ತ್ಯಾಗ ಎಂದು ತಿಳಿಸದೆ ಪದವನ್ನು ಮಾತ್ರ ದಾಟಿಸಿದರೆ ದಾಟಿದ್ದು ಅರ್ಧ.

ಆ ಇನ್ನರ್ಧವನ್ನು ದಾಟಿಸಬಲ್ಲವರು ಬಂದರು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಓದಿದ್ದು ಜರ್ಮನಿಯ ಟ್ಯೂಬಿಂಗನ್ನಿನಲ್ಲಿ. ಧರ್ಮಗ್ರಂಥವನ್ನು ಇತಿಹಾಸದ ಕಣ್ಣಿನಿಂದ ಪರೀಕ್ಷಿಸುವ ಹೊಸ ವಿಮರ್ಶೆ ಆಗ ಕಾವೇರುತ್ತಿದ್ದ ಊರು ಅದು. ಅವರೂ ಅವರ ಬಂಧು ಗಾಟ್‌ಫ್ರೀಡ್ ವೈಗ್ಲೆಯೂ ಕನ್ನಡ ಬೈಬಲ್ಲಿನ ಪರಿಷ್ಕರಣೆಗೆ ತೊಡಗಿದ ಕಾಲದಲ್ಲೇ ಮೊಗ್ಲಿಂಗ್ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಹೊರತರುತ್ತಿದ್ದರು. 1848ರಲ್ಲಿ ವೈಗ್ಲೆ ಜರ್ಮನ್ ವಿದ್ವತ್ಪತ್ರಿಕೆಯೊಂದರಲ್ಲಿ ಕನ್ನಡ ಭಾಷೆ, ಸಾಹಿತ್ಯಗಳ ಬಗ್ಗೆ ಬರೆದರು. ಬಳ್ಳಾರಿಯ ಅನುವಾದಕ್ಕೆ ಇಲ್ಲದ ಕನ್ನಡದ ಕಿವಿ ಹೀಗೆ ಬಂತು. ವೈಗ್ಲೆ 1855ರಲ್ಲೇ ತೀರಿಕೊಂಡರು. ಪರಿಷ್ಕರಣೆ ಇತರರ ಕೈಯಲ್ಲಿ ಮುಂದುವರಿಯಿತು. ನನ್ನ ಕೊರಗು ಒಂದೇ. ಪಠ್ಯ ತಿದ್ದಿಸಿಕೊಂಡು ಚೆಂದವಾಯಿತು. ಟ್ಯೂಬಿಂಗನ್ನಿನ ಚರ್ಚೆ ಮಾತ್ರ ಜರ್ಮನ್ನಿನಲ್ಲೇ ಉಳಿಯಿತು. ಕನ್ನಡದ ಓದುಗರಿಗೆ ಪುಸ್ತಕ ಸಿಕ್ಕಿತು, ಪುಸ್ತಕದ ಬಗೆಗಿನ ಪ್ರಶ್ನೆಗಳು ಸಿಗಲಿಲ್ಲ.

ಆ ಪ್ರಶ್ನೆಗಳೇನೂ ಪಂಡಿತರಿಗೆ ಮೀಸಲಾದವಲ್ಲ. ಹಳೆಯ ಹೀಬ್ರೂ ಬರವಣಿಗೆಯಲ್ಲಿ ಇದ್ದದ್ದು ಬಹುಪಾಲು ವ್ಯಂಜನಗಳು. ಕನ್ನಡದಲ್ಲಿ 'ಕ್', 'ಲ್' ಎಂದಷ್ಟೇ ಬರೆದಿಟ್ಟರೆ ಅದು ಕಲೆಯೋ, ಕಾಲೋ, ಕೋಲೋ, ಕುಲವೋ? ಸಂದರ್ಭ ನೋಡಿ ಓದಬೇಕು. ಓದುವ ರೂಢಿ ತಪ್ಪಿಹೋಗಬಾರದೆಂದು ಕ್ರಿ.ಶ. 7ರಿಂದ 10ನೆಯ ಶತಮಾನದೊಳಗೆ ಮಸೊರೆಟರು ಎಂಬ ಯೆಹೂದಿ ವಿದ್ವಾಂಸರು ಅಕ್ಷರಗಳ ಮೇಲೆ ಕೆಳಗೆ ಚುಕ್ಕೆ ಗೆರೆಗಳಿಟ್ಟು ಸ್ವರ ಗುರುತಿಸಿದರು. ನಾಲ್ಕು ವ್ಯಂಜನಗಳ ದೇವನಾಮದ ಹತ್ತಿರ ಬಂದಾಗ ಅವರ ಕೈ ಬೇರೆ ಮಾಡಿತು. ಆ ಹೆಸರನ್ನು ಉಚ್ಚರಿಸಬಾರದು, ಅದರ ಬದಲು 'ಅದೋನಾಯ್', ಅಂದರೆ ಒಡೆಯ, ಎಂದು ಓದಬೇಕು. ಹಾಗೆಂದು ನೆನಪಿಸಲು ಆ ಪದದ ಸ್ವರಗಳನ್ನೇ ಈ ವ್ಯಂಜನಗಳಿಗೆ ಅಂಟಿಸಿದರು. ಗಂಡನ ಹೆಸರು ಹೇಳದೆ 'ಅವರು', 'ಮನೆಯವರು' ಎನ್ನುತ್ತಿದ್ದ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಯುರೋಪಿನ ಕ್ರೈಸ್ತ ಓದುಗರು ಮಾತ್ರ ಇದರ ವ್ಯಂಜನವನ್ನೂ ಅದರ ಸ್ವರವನ್ನೂ ಕೂಡಿಸಿ ಓದಿಬಿಟ್ಟರು. ಕನ್ನಡದ 'ಯೆಹೋವ', ತೆಲುಗಿನ 'ಯೆಹೋವಾ' ಆ ದಾರಿಯಲ್ಲಿ ಬಂದವು. ತಮಿಳಿನವರು 'ಕರ್ತರ್' ಎಂದು ಬರೆದು, ಅರಿತೋ ಅರಿಯದೆಯೋ, ಹಳೆಯ ಯೆಹೂದಿ ರೂಢಿಯನ್ನೇ ಪಾಲಿಸಿದಂತಾಯಿತು. ಹೊಸ ಕನ್ನಡ ಅನುವಾದದ 'ಸರ್ವೇಶ್ವರ' ಕೂಡ ಅದೇ ಸಾಲಿಗೆ ಸೇರುತ್ತದೆ.

ಹೆಸರಿನ ಈ ವ್ಯತ್ಯಾಸವೇ ಆಧುನಿಕ ವಿಮರ್ಶೆಯ ಬಾಗಿಲು ತೆರೆದದ್ದು. ಜಾನ್ ಅಸ್ತ್ರುಕ್ ಎಂಬ ಫ್ರೆಂಚ್ ವೈದ್ಯರು 1753ರಲ್ಲಿ, ಆದಿಕಾಂಡದಲ್ಲಿ ಕೆಲವು ಭಾಗ ಎಲೋಹೀಮ್ ಎಂದೂ ಕೆಲವು ಭಾಗ ಆ ನಾಲ್ಕಕ್ಷರದ ಹೆಸರಿನಿಂದಲೂ ಕರೆಯುವುದನ್ನು ಗಮನಿಸಿ, ಮೋಶೆ ಬೇರೆ ಬೇರೆ ಹಳೆಯ ಬರಹಗಳನ್ನು ಕೂಡಿಸಿರಬೇಕೆಂದು ವಾದಿಸಿದರು. ಇದನ್ನೇ ದೂರದವರೆಗೆ ಬೆಳೆಸಿ, ಮೋಶೆಗಿಂತ ಬಹಳ ಈಚಿನ ಹಲವು ಕೈಗಳು ಇದರಲ್ಲಿವೆ ಎಂಬ ನಿಲುವಿಗೆ ಗಟ್ಟಿ ರೂಪ ಕೊಟ್ಟವರು 1878ರಲ್ಲಿ ಜೂಲಿಯಸ್ ವೆಲ್‌ಹೌಸೆನ್. ಅವರ ವಿಂಗಡಣೆಯ ವಿವರಗಳ ಬಗ್ಗೆ ಜಗಳ ಇಂದಿಗೂ ನಡೆದಿದೆ. ಆದರೆ ಅಸ್ತ್ರುಕ್ ಕಂಡದ್ದನ್ನು ಹಳೆಯ ಕನ್ನಡ ಆವೃತ್ತಿ ಕೈಯಲ್ಲಿರುವ ಯಾರು ಬೇಕಾದರೂ ಕಾಣಬಹುದು. ಮೊದಲ ಅಧ್ಯಾಯದಲ್ಲಿ ಉದ್ದಕ್ಕೂ 'ದೇವರು'. ಎರಡನೆಯದರ ನಾಲ್ಕನೆಯ ವಚನಕ್ಕೆ ಬಂದೊಡನೆ 'ಯೆಹೋವದೇವರು'. ಮೊದಲಿನದರಲ್ಲಿ ಗಿಡಮರ, ಪ್ರಾಣಿಗಳಾದ ಮೇಲೆ ಗಂಡು ಹೆಣ್ಣು ಒಟ್ಟಿಗೆ. ಎರಡನೆಯದರಲ್ಲಿ ಮೊದಲು ಒಬ್ಬ ಮನುಷ್ಯ, ಆಮೇಲೆ ತೋಟ, ಪ್ರಾಣಿ, ಕಡೆಗೆ ಹೆಂಗಸು. ಬೆರಳಿಟ್ಟು ಓದಿದರೆ ಹೊಲಿಗೆ ಕಾಣುತ್ತದೆ.

ಆ ಎರಡನೆಯ ಕಥೆಯಲ್ಲಿ ನನಗೆ ಬಹಳ ಪ್ರಿಯವಾದ ಎರಡು ಪದಗಳಿವೆ. ಹೀಬ್ರೂವಿನಲ್ಲಿ 'ಆದಾಮ್' ಎಂದರೆ ಮನುಷ್ಯ, 'ಅದಾಮಾ' ಎಂದರೆ ನೆಲದ ಮಣ್ಣು, 'ಅದೋಮ್' ಎಂದರೆ ಕೆಂಪು. ಕೆಮ್ಮಣ್ಣಿನಿಂದ ಆದವನು ಮನುಷ್ಯ ಎಂಬ ಮಾತು ಆ ಭಾಷೆಯ ಶಬ್ದದಲ್ಲೇ ಕೇಳಿಸುತ್ತದೆ. 'ಆದಾಮ' ಎಂಬ ಬರಿಯ ಹೆಸರಾಗಿ ಕನ್ನಡಕ್ಕೆ ಬಂದಾಗ ಆ ದನಿ ಕಳೆದುಹೋಯಿತು. ರಾಗಿ ಹೊಲದ ಕೆಂಪನ್ನು ಕಾಲಿಗೆ ಮೆತ್ತಿಕೊಂಡೇ ಬೆಳೆದ ನಮ್ಮ ಕಡೆಯವರಿಗೆ ಅದು ದಕ್ಕಬೇಕಿತ್ತು. ಎರಡನೆಯದು 'ನೆಫೆಶ್'. ಅದರ ಮೂಲ ಅರ್ಥ ಗಂಟಲು. ಅಲ್ಲಿಂದ ಉಸಿರು, ಜೀವ. ಮಣ್ಣಿನ ಗೊಂಬೆಯ ಮೂಗಿನಲ್ಲಿ ದೇವರು ಉಸಿರೂದಿದಾಗ ಅದು ಜೀವವುಳ್ಳ ನೆಫೆಶ್ ಆಯಿತು. ತಮಿಳು, ತೆಲುಗು ಅನುವಾದಗಳು ಇಲ್ಲಿ 'ಜೀವಾತ್ಮ' ಎಂದವು. ನಮ್ಮ ಹಳೆಯ ಅನುವಾದ 'ಪ್ರಾಣಿ' ಎಂದಿತು. ಮನುಷ್ಯನನ್ನು ಪ್ರಾಣಿ ಎನ್ನುವುದೇ ಎಂದು ಕೆಲವರು ಮುಜುಗರಪಡುತ್ತಾರೆ. ಆದರೆ ಹೀಬ್ರೂವಿನಲ್ಲಿ ಇದೇ ಪದಪುಂಜ ಮೊದಲ ಅಧ್ಯಾಯದ ಮೀನಿಗೂ ಕಾಡುಮೃಗಕ್ಕೂ ಬಂದಿದೆ. ಪ್ರಾಣವುಳ್ಳದ್ದು ಪ್ರಾಣಿ. 'ಆತ್ಮ' ಎಂದೊಡನೆ ಉಪನಿಷತ್ತಿನ ಭಾರವೆಲ್ಲ ಬಂದು ಕೂರುತ್ತಿತ್ತು. ಕನ್ನಡದ ಆ ಪದವನ್ನು ಆರಿಸಿದವರಿಗೆ ನಾನು ಕೈಮುಗಿಯುತ್ತೇನೆ.

ಈಗ ಬೇರಿಕೆಯಿಂದ ಕೆಲವು ಗಂಟೆಗಳ ದಾರಿಯ ಬೆಂಗಳೂರಿನಲ್ಲೇ ಹೀಬ್ರೂ ಕಲಿಸುತ್ತಾರೆ. ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಿಂದ ಇದೆ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಬೈಬಲ್ ಎಲ್ಲ ಭಕ್ತರ ಕೈಗೂ ಸಿಗಬೇಕೆಂದ ಮೇಲೆ, 1967ರಲ್ಲಿ ಕಥೋಲಿಕರ ರಾಷ್ಟ್ರೀಯ ಬೈಬಲ್ ಮತ್ತು ಧರ್ಮಬೋಧನಾ ಕೇಂದ್ರವೂ ಅಲ್ಲೇ ಆರಂಭವಾಯಿತು. ವಿದ್ವತ್ತು ಹತ್ತಿರವೇ ಇದೆ. ಅದು ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಫ್ರಾನ್ಸಿನ ತ್ರುವಾ ಊರಿನಲ್ಲಿ ಬಾಳಿದ (1040–1105) ಯೆಹೂದಿ ವ್ಯಾಖ್ಯಾನಕಾರ ರಾಶಿ, ಹೀಬ್ರೂವಿನ ಕಠಿಣ ಪದ ಬಂದಲ್ಲಿ ತಮ್ಮ ಊರಿನ ಫ್ರೆಂಚ್ ಆಡುಮಾತನ್ನೇ ಹೀಬ್ರೂ ಲಿಪಿಯಲ್ಲಿ ಬರೆದು ಅರ್ಥ ಹೇಳುತ್ತಿದ್ದರು. ನೇರಾರ್ಥ ಮೊದಲು, ಉಳಿದದ್ದು ಆಮೇಲೆ. ಅಂಥ ಟೀಕೆ ಕನ್ನಡದಲ್ಲಿ, ರೈತರೂ ಓದುವಂತೆ, ಗಡಿಯ ಮೂರು ಭಾಷೆಗಳನ್ನೂ ಸಾಕ್ಷಿಗೆ ಕರೆದು ಬರೆದದ್ದು ಬೇಕು. ಬಹಳ ಬೇಕು.

ಯಾಕೆ ಹೇಳುತ್ತೇನೆಂದರೆ, ಆ ಮೂರು ಪುಸ್ತಕಗಳನ್ನು ಕಪಾಟಿನಿಂದ ತೆಗೆದುಕೊಟ್ಟ ಹಿರಿಯರು ನನ್ನ ಜೊತೆ ಕೂತು ಮೊದಲ ಅಧ್ಯಾಯದ 26ನೆಯ ವಚನಕ್ಕೆ ಬಂದಿದ್ದರು. ಮನುಷ್ಯನನ್ನು ಉಂಟುಮಾಡೋಣ ಎಂದು ದೇವರು ಬಹುವಚನದಲ್ಲಿ ಆಡುವ ಮಾತು. ಕನ್ನಡದಲ್ಲಿ 'ನಾವು' ಒಂದೇ. ತೆಲುಗಿನಲ್ಲಿ ಎರಡಿವೆ: ಎದುರಿಗಿರುವವರನ್ನು ಬಿಟ್ಟರೆ 'ಮೇಮು', ಸೇರಿಸಿಕೊಂಡರೆ 'ಮನಮು'. ತೆಲುಗು ಬೈಬಲ್ ಇಲ್ಲಿ 'ಮನ' ಎನ್ನುತ್ತದೆ. ತಮಿಳಿನಲ್ಲೂ 'ನಾಂಗಳ್' ಅಲ್ಲ, 'ನಾಮ್'.

"ಮನ ಅಂದ್ಮೇಲೆ ಎದುರಿಗೆ ಯಾರೋ ಇದ್ದಾರೆ ಅಂತಲೇ ಅಲ್ವೇನಪ್ಪ?" ಅಂದರು ಅವರು. "ಯಾರದು?"

ತ್ರುವಾದಲ್ಲಿ ರಾಶಿಯೂ ಈ ಬಹುವಚನದ ಮುಂದೆಯೇ ನಿಂತಿದ್ದರು. ದೇವದೂತರೊಡನೆ ಆಲೋಚನೆ ಕೇಳಿದ್ದು ಅದು, ದೊಡ್ಡವನು ಸಣ್ಣವರನ್ನು ಕೇಳಿ ಮಾಡಬೇಕೆಂದು ಕಲಿಸಲು, ಎಂದು ಬರೆದರು. ಕ್ರೈಸ್ತ ಪರಂಪರೆ ಇಲ್ಲಿ ತ್ರಿಯೇಕತ್ವವನ್ನು ಕಂಡಿತು. ಇಂದಿನ ಅನೇಕ ವಿದ್ವಾಂಸರು ಪ್ರಾಚೀನ ಪೂರ್ವದೇಶಗಳ ಕಥೆಗಳಲ್ಲಿ ಬರುವ ದೇವಸಭೆಯ ನೆರಳನ್ನು ನೋಡುತ್ತಾರೆ. ಇದಿಷ್ಟನ್ನೂ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಮುಂದಿನ ವಚನಕ್ಕೆ ಬೆರಳು ಸರಿಸಿದರು. ಅಲ್ಲಿ ಕ್ರಿಯಾಪದ ಮತ್ತೆ 'ಅನು'.